ಬಿಡದೆ ಬಿಡುವೆಲ್ಲಿ?

ಮೊನ್ನೆ ಮಲ್ಲೇಶ್ವರದ ರಸ್ತೆಯಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬ ಎದುರಾದ. ಕಾಲೇಜಿನ ದಿನಗಳಲ್ಲಿ ನನಗಿಂತ ಎಷ್ಟೋ ಚೆನ್ನಾಗಿ ಕಾವ್ಯ ಓದುತ್ತಿದ್ದವನು. ಭಾಮಿನೀ ಷಟ್ಪದಿಯ ನಡೆ ಅವನ ನಾಲಗೆಗೆ ಹುಟ್ಟಿನಿಂದಲೇ ಬಂದಂತಿತ್ತು. ಈಗ ದೊಡ್ಡ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಕುಶಲಪ್ರಶ್ನೆ ಮುಗಿದ ಮೇಲೆ, "ಈಗಲೂ ಓದ್ತೀಯೇನೋ?" ಎಂದು ಕೇಳಿದೆ. "ಎಲ್ಲಿ ಬಂತಯ್ಯ, ಬಿಡುವೇ ಇಲ್ಲ. ರಿಟೈರ್ ಆಗಲಿ, ಆಮೇಲೆ ಕೂತು ಎಲ್ಲ ಓದಿಬಿಡ್ತೀನಿ" ಎಂದ. ನಾವು ನಿಂತು ಮಾತನಾಡಿದ ಆ ಐದು ನಿಮಿಷಗಳಲ್ಲಿ ಅವನ ಕೈಯ ಫೋನು ನಾಲ್ಕು ಸಲ ಬೆಳಗಿತು. ನಾಲ್ಕು ಸಲವೂ ಅವನ ಕಣ್ಣು ಅತ್ತ ಹರಿಯಿತು. ನಾನು ಅವನನ್ನು ಹಳಿಯಲಿಲ್ಲ. ಹಳಿಯುವ ಯೋಗ್ಯತೆ ನನಗಿಲ್ಲ. ಅದೇಕೆಂಬುದನ್ನು ಈ ಲೇಖನದಲ್ಲೇ ಮುಂದೆ ಒಪ್ಪಿಸುತ್ತೇನೆ. ಆದರೆ ಅವನು ಆಡಿದ ಮಾತಿದೆಯಲ್ಲ, 'ಬಿಡುವಿಲ್ಲ' ಎಂಬ ಆ ಮಾತು, ಅದನ್ನು ಇನ್ನು ಸುಮ್ಮನೆ ಬಿಡಬಾರದೆಂದು ನನಗೆ ಅಂದೇ ಅನ್ನಿಸಿತು.

ಏಕೆಂದರೆ ಈಗ ನಮ್ಮ ಮಧ್ಯಮ ವರ್ಗದ ನಿತ್ಯಮಂತ್ರವೇ ಇದಾಗಿದೆ. ಮಗಳಿಗೆ ವೀಣೆ ಕಲಿಸಿದಿರಾ? ಬಿಡುವಿಲ್ಲ. ಬೀದಿಯ ಕೊನೆಯಲ್ಲಿ ನಾಟಕವಿತ್ತು, ಹೋಗಿದ್ದಿರಾ? ಬಿಡುವಾಗಲಿಲ್ಲ. ಮನೆಯಲ್ಲಿ ಸಂಜೆ ದೀಪ ಹಚ್ಚಿ ಎರಡು ಗಳಿಗೆ ಸುಮ್ಮನೆ ಕೂರುವುದುಂಟೆ? ಅಯ್ಯೋ, ಅದಕ್ಕೆಲ್ಲ ಬಿಡುವೆಲ್ಲಿ? ಹೀಗೆ ಹೇಳುವಾಗ ನಮ್ಮ ಮುಖದಲ್ಲಿ ನಾಚಿಕೆ ಕಾಣಿಸುವುದಿಲ್ಲ. ಒಂದು ಬಗೆಯ ಹೆಮ್ಮೆ ಕಾಣಿಸುತ್ತದೆ. ಬಿಡುವಿಲ್ಲದವನು ಬೇಕಾದವನು, ಬಿಡುವಿದ್ದವನು ಕೆಲಸಕ್ಕೆ ಬಾರದವನು ಎಂಬ ತಿಳಿವಳಿಕೆ ಯಾರೂ ಕಲಿಸದೆಯೇ ಎಲ್ಲರಿಗೂ ಬಂದುಬಿಟ್ಟಿದೆ.

ನಾನು ಕನ್ನಡ ಮೇಷ್ಟ್ರು. ಒಂದು ಪದ ಕಿವಿಗೆ ಚುಚ್ಚಿದರೆ ಅದರ ಬೇರನ್ನು ಕೆದಕಿ ನೋಡುವುದು ನನ್ನ ಕಸುಬಿನ ಚಟ, ವಾಚಕರು ಮನ್ನಿಸಬೇಕು. ಅರಿ ಎಂಬುದರಿಂದ ಅರಿವು, ಮರೆ ಎಂಬುದರಿಂದ ಮರೆವು. ಹಾಗೆಯೇ ಬಿಡು ಎಂಬುದರಿಂದ ಬಿಡುವು. ಏನನ್ನೋ ಬಿಟ್ಟಾಗ ಆಗುವಂಥದು ಬಿಡುವು. ಇದೇ ಅರ್ಥಕ್ಕೆ ನಾವು ಬಳಸುವ ಇನ್ನೊಂದು ಮಾತು 'ಪುರುಸೊತ್ತು'. ಅದು ಉರ್ದುವಿನ ಫುರ್ಸತ್. ನಮ್ಮ ಮನೆಗೆ ಬಂದು ನಮ್ಮವನೇ ಆಗಿಹೋದ ನೆಂಟ. ಆ ಪದದ ಮೇಲೆ ನನಗೆ ಹಗೆಯಿಲ್ಲ. ಆದರೆ ನಮ್ಮ ಬಾಯಲ್ಲಿ ಪುರುಸೊತ್ತು ತಾನಾಗಿ ಸಿಗುವಂಥದು. ಮಳೆ ಬಂದು ಆಟ ನಿಂತ ಹಾಗೆ, ರೈಲು ತಡವಾದ ಹಾಗೆ, ಹೊರಗಿನಿಂದ ಒದಗುವಂಥದು. ಬಿಡುವು ಹಾಗಲ್ಲ. ಅದನ್ನು ಮಾಡಿಕೊಳ್ಳಬೇಕು, ಮಾಡಿಕೊಳ್ಳಬೇಕಾದರೆ ಕೈಯಲ್ಲಿರುವ ಏನನ್ನಾದರೂ ಕೆಳಗಿಡಬೇಕು. ನಾವು ಹಾರೈಸುತ್ತಿರುವುದು ಪುರುಸೊತ್ತನ್ನು, ದೂರುತ್ತಿರುವುದು ಬಿಡುವಿಲ್ಲವೆಂದು. ನನ್ನ ವಾದದ ತಿರುಳು ಇಷ್ಟೇ: ನಮಗೆ ಬಿಡುವಿಲ್ಲದಿರುವುದಕ್ಕೆ ಕಾರಣ ಹೊತ್ತು ಸಾಲದಿರುವುದಲ್ಲ, ನಾವು ಏನನ್ನೂ ಬಿಡಲು ಒಪ್ಪದಿರುವುದು.

ನಮ್ಮ ಬೀದಿಯ ತಿರುವಿನಲ್ಲಿ ಸೈಕಲ್ ರಿಪೇರಿ ಅಂಗಡಿಯೊಂದಿದೆ. ಅದರ ಯಜಮಾನರು ಮುಸಲ್ಮಾನರು, ವಯಸ್ಸಾದವರು. ನಮಾಜಿನ ಹೊತ್ತಾಯಿತೆಂದರೆ ಅಂಗಡಿಯ ಷಟರನ್ನು ಅರ್ಧ ಎಳೆದು, ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸೋಪಿನಲ್ಲಿ ತೊಳೆದು ಹೊರಟುಬಿಡುತ್ತಾರೆ. ಒಂದು ದಿನ ನಾನೇ ಪಂಚರ್ ಹಾಕಿಸಲು ಹೋಗಿ ಅರ್ಧ ಗಂಟೆ ಕಾದೆ. ಬಂದ ಮೇಲೆ, "ಸಾಹೇಬರೆ, ಈ ಹೊತ್ತಿನಲ್ಲಿ ಬಂದ ಗಿರಾಕಿ ಬೇರೆ ಕಡೆ ಹೋಗಿಬಿಟ್ಟರೆ?" ಎಂದೆ. "ಹೋಗ್ತಾರೆ ಸಾರ್, ದಿನಾ ಒಬ್ಬಿಬ್ಬರು ಹೋಗ್ತಾರೆ" ಎಂದು ಟ್ಯೂಬನ್ನು ನೀರಿಗೆ ಅದ್ದಿದರು. ಆ ಒಬ್ಬಿಬ್ಬರು ಗಿರಾಕಿಗಳನ್ನು ದಿನವೂ ಬಿಡುತ್ತಾರಲ್ಲ, ಬಿಡುವು ಎಂದರೆ ಅದು. ಅದಕ್ಕೆ ಬೆಲೆಯಿದೆ; ಅವರು ಆ ಬೆಲೆಯನ್ನು ಗೊಣಗದೆ ಕೊಡುತ್ತಾರೆ. ಅವರ ವರಮಾನ ನನ್ನ ಸಂಬಳದ ಕಾಲು ಭಾಗವೂ ಇರಲಾರದು.

ಹೊತ್ತು ನಿಜವಾಗಿಯೂ ಇಲ್ಲವೆ? ಕೇಂದ್ರ ಸರ್ಕಾರದವರು ೨೦೨೪ರಲ್ಲಿ ದೇಶದ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿದರು. ಆರು ವರ್ಷ ತುಂಬಿದವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಸಂಸ್ಕೃತಿ, ವಿರಾಮ, ಸಮೂಹ ಮಾಧ್ಯಮ, ಆಟ ಇವಿಷ್ಟಕ್ಕೆ ಸೇರಿ ದಿನದ ಶೇಕಡಾ ೧೧ ಭಾಗ ಹೋಗುತ್ತದಂತೆ. ೨೦೧೯ರಲ್ಲಿ ಅದು ಶೇಕಡಾ ೯.೯ ಇತ್ತು. ಎಂದರೆ ದಿನಕ್ಕೆ ಹೆಚ್ಚುಕಡಿಮೆ ಎರಡೂವರೆ ಗಂಟೆ. ಅದು ಕಡಿಮೆಯಾಗುತ್ತಿಲ್ಲ, ಹೆಚ್ಚುತ್ತಿದೆ. ಆ ಎರಡೂವರೆ ಗಂಟೆಯಲ್ಲಿ 'ಸಂಸ್ಕೃತಿ' ಎಂಬುದರ ಪಾಲೆಷ್ಟು, ಬೆರಳ ತುದಿಯಿಂದ ಗಾಜನ್ನು ಮೇಲಕ್ಕೆ ತಳ್ಳುತ್ತ ಕೂರುವುದರ ಪಾಲೆಷ್ಟು ಎಂಬುದನ್ನು ಅವರವರ ಎದೆಯನ್ನು ಅವರವರೇ ಮುಟ್ಟಿಕೊಂಡು ಹೇಳಬೇಕು.

ಇನ್ನೊಂದು ಲೆಕ್ಕ ಮಾಡಿ ನೋಡೋಣ. ಕುಮಾರವ್ಯಾಸನ ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ಕೇಳಿದ ಕೂಡಲೆ ಎದೆ ಝಲ್ಲೆನ್ನುತ್ತದೆ. ದಿನಕ್ಕೆ ಹತ್ತೇ ಪದ್ಯ, ರಾಗವಾಗಿ ನಿಧಾನವಾಗಿ ಓದಿದರೂ ಇಪ್ಪತ್ತು ನಿಮಿಷ ಸಾಕು. ಎರಡೂಕಾಲು ವರ್ಷಕ್ಕೆ ಹತ್ತು ಪರ್ವಗಳೂ ಮುಗಿಯುತ್ತವೆ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ದಲ್ಲಿ ೯೪೫ ಪದ್ಯ. ದಿನಕ್ಕೊಂದರಂತೆ ಎರಡು ವರ್ಷ ಏಳು ತಿಂಗಳು. ನಮ್ಮಲ್ಲಿ ಕಾರಿನ ಸಾಲವನ್ನು ಏಳು ವರ್ಷದ ಕಂತಿನಲ್ಲಿ ತೀರಿಸುವ ತಾಳ್ಮೆಯಿದೆ. ಎರಡು ವರ್ಷದ ಕಂತಿನಲ್ಲಿ ಒಂದು ಮಹಾಕಾವ್ಯವನ್ನು ನಮ್ಮದಾಗಿಸಿಕೊಳ್ಳುವ ತಾಳ್ಮೆಯಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕಾದದ್ದೇ. "ಅಯ್ಯಾ ಮೇಷ್ಟ್ರೇ, ನಿಮಗೆ ರಜೆಯುಂಟು, ಪರೀಕ್ಷೆಯ ಬಿಡುವುಂಟು. ಬೆಳಗಿನ ಆರಕ್ಕೆ ಬಸ್ಸು ಹಿಡಿದು ಪೀಣ್ಯದ ಕಾರ್ಖಾನೆಗೆ ಹೋಗಿ ರಾತ್ರಿ ಎಂಟಕ್ಕೆ ಬರುವ ಹೆಣ್ಣುಮಗಳಿಗೆ ನಿಮ್ಮ ಉಪದೇಶ ಹೇಳಬಲ್ಲಿರಾ?" ಎಂದು. ಹೇಳಲಾರೆ. ಅವಳಿಗೆ ಹೇಳಹೊರಡುವುದು ಕ್ರೌರ್ಯ. ಅವಳ ಹೊತ್ತನ್ನು ಅವಳು ಕಳೆದುಕೊಂಡಿಲ್ಲ, ಕಿತ್ತುಕೊಂಡಿದ್ದಾರೆ. ನಾನು ಹೇಳುತ್ತಿರುವುದು ಭಾನುವಾರ ಬೆಳಗ್ಗೆ ಕಾಫಿಯ ಜೊತೆಗೆ ಪುರವಣಿ ಓದಬಲ್ಲ ನಮ್ಮಂಥವರಿಗೆ.

ಆದರೆ ಆ ಹೆಣ್ಣುಮಗಳ ಮಾತು ಬಂದಮೇಲೆ ನಮ್ಮ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂಬ ನಿಯಮ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಕೂಲಿಕಾರರು ದಶಕಗಳ ಕಾಲ ಹೋರಾಡಿದ ಮೇಲೆ ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಡಂಬಡಿಕೆಯಾಗಿ ಅದು ಬಂತು. ನಮ್ಮ ೧೯೪೮ರ ಕಾರ್ಖಾನೆ ಕಾಯಿದೆ ವಾರಕ್ಕೆ ೪೮ ಗಂಟೆ, ದಿನಕ್ಕೆ ೯ ಗಂಟೆ ಎಂದು ಗೆರೆ ಹಾಕಿತು. ೨೦೨೩ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ, ವಾರದ ಮಿತಿಯನ್ನು ಉಳಿಸಿಕೊಂಡೇ, ದಿನಕ್ಕೆ ೧೨ ಗಂಟೆಯವರೆಗೂ ದುಡಿಸಬಹುದೆಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಕರು ದೇಶಕ್ಕಾಗಿ ವಾರಕ್ಕೆ ೭೦ ಗಂಟೆ ದುಡಿಯಬೇಕೆಂದರು. ೨೦೨೪ರ ಜುಲೈನಲ್ಲಿ ಮಾಹಿತಿ ತಂತ್ರಜ್ಞಾನದ ಕಂಪನಿಗಳಲ್ಲಿ ದಿನಕ್ಕೆ ೧೪ ಗಂಟೆಯವರೆಗೆ ಅವಕಾಶ ಕೊಡುವ ಪ್ರಸ್ತಾವವೊಂದು ನಮ್ಮ ಸರ್ಕಾರದ ಮುಂದೆ ಬಂತು. ೨೦೨೫ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಅಧ್ಯಕ್ಷರ ೯೦ ಗಂಟೆಯ ಮಾತು ಹೊರಬಿತ್ತು. ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಅರ್ಥದ ವಿನೋದವೂ ಅದರ ಜೊತೆಗಿತ್ತು.

ಮೂರ್ತಿಯವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಮಾತು ಕೇಳಬೇಕು. ವಾರಕ್ಕೆ ತೊಂಬತ್ತು ಗಂಟೆಯೆಂದರೆ ಏಳು ದಿನವೂ ದಿನಕ್ಕೆ ಹದಿಮೂರು ಗಂಟೆ. ಬೆಂಗಳೂರಿನ ರಸ್ತೆಯಲ್ಲಿ ಹೋಗಿಬರಲು ಎರಡು ಗಂಟೆ ಹಿಡಿಯಿರಿ. ನಿದ್ದೆಗೆ ಏಳು ಗಂಟೆ. ಉಳಿದ ಎರಡು ಗಂಟೆಯಲ್ಲಿ ಸ್ನಾನ, ಊಟ, ಮಕ್ಕಳು, ತಂದೆತಾಯಿ. ಹೀಗೆ ದುಡಿದು ಕಟ್ಟಿದ ದೇಶದಲ್ಲಿ ಹಾಡು ಕೇಳುವವರು ಯಾರು? ದೇವರ ಮುಂದೆ ಕೂರುವವರು ಯಾರು? ಆ ದೇಶ ಯಾರಿಗಾಗಿ? ಈ ಪ್ರಶ್ನೆಯನ್ನು ಜೋರಾಗಿ ಕೇಳಬೇಕಾದವರು ಸಂಸ್ಕೃತಿಯ ಹೆಸರಿನಲ್ಲಿ ಅನ್ನ ತಿನ್ನುವ ನಾವು. ಹದಿನಾಲ್ಕು ಗಂಟೆಯ ಪ್ರಸ್ತಾವವನ್ನು ಬೀದಿಗಿಳಿದು ಎದುರಿಸಿದವರು ನೌಕರರ ಸಂಘದವರು. ಬೇರೆ ಸಾಹಿತಿಗಳ ಮಾತು ನನಗೆ ಬೇಡ. ನಾನಂತೂ ಒಂದು ಸಾಲು ಬರೆಯಲಿಲ್ಲ. ಆ ವಾರ ಬಹುಶಃ ಯಾವುದೋ ವಿಚಾರಸಂಕಿರಣದಲ್ಲಿ 'ಸಂಸ್ಕೃತಿಯ ಬಿಕ್ಕಟ್ಟು' ಎಂದು ಭಾಷಣ ಮಾಡುತ್ತಿದ್ದಿರಬೇಕು. ಜನರ ಸಂಜೆಯನ್ನು ಕಸಿದುಕೊಂಡರೆ ಸಂಸ್ಕೃತಿಗೆ ನಿಲ್ಲಲು ನೆಲವಿರುವುದಿಲ್ಲ ಎಂಬ ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ.

ಇನ್ನು ನನ್ನ ಗೆಳೆಯನ ಎರಡನೆಯ ಮಾತು: "ರಿಟೈರ್ ಆದ ಮೇಲೆ." ಇದಕ್ಕೆ ನಮ್ಮವರು ಶಾಸ್ತ್ರದ ಬೆಂಬಲವನ್ನೂ ತರುತ್ತಾರೆ. ಆಶ್ರಮಗಳು ನಾಲ್ಕಲ್ಲವೆ, ಗೃಹಸ್ಥನಿಗೆ ಅರ್ಥಕಾಮ, ಆಮೇಲೆ ವಾನಪ್ರಸ್ಥದಲ್ಲಿ ಉಳಿದದ್ದು ಎಂದು. ಶಾಸ್ತ್ರವನ್ನು ಹೀಗೆ ಪಿಂಚಣಿಯ ನಿಯಮಾವಳಿಯಂತೆ ಓದುವುದು ನಮ್ಮ ಕಾಲದ ಆವಿಷ್ಕಾರ. ಗೀತೆ ಹುಟ್ಟಿದ್ದು ಕಾಡಿನ ಆಶ್ರಮದಲ್ಲಲ್ಲ. ಬಿಲ್ಲು ಹಿಡಿದು ರಥದಲ್ಲಿ ನಿಂತವನಿಗೆ, ಕೆಲಸದ ನಟ್ಟನಡುವೆ. ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ ಜನಕ ರಾಜ್ಯವಾಳುತ್ತಿದ್ದ ದೊರೆ. ನಚಿಕೇತನಂತೂ ಹುಡುಗ.

ನಮ್ಮ ಕನ್ನಡದ ಚರಿತ್ರೆಯನ್ನೇ ತೆಗೆದುಕೊಳ್ಳಿ. ೯೪೧ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ ಕವಿಯೂ ಹೌದು, ಕತ್ತಿ ಹಿಡಿದ ಕಲಿಯೂ ಹೌದು. ೯೭೮ರಲ್ಲಿ ಪುರಾಣ ಬರೆದ ಚಾವುಂಡರಾಯ ಗಂಗರ ಸೇನಾಪತಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದರು. ಮಾಚಯ್ಯ ಬಟ್ಟೆ ಒಗೆಯುತ್ತಿದ್ದರು. ಚೌಡಯ್ಯ ದೋಣಿ ನಡೆಸುತ್ತಿದ್ದರು. ಇವರಲ್ಲಿ ಯಾರೂ 'ಮೊದಲು ಕೆಲಸ ಮುಗಿಯಲಿ, ಆಮೇಲೆ ಅನುಭಾವ' ಎನ್ನಲಿಲ್ಲ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಮಾಸ್ತಿಯವರು ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸಿಗೆ ಸೇರಿ ೧೯೪೩ರಲ್ಲಿ ರಾಜೀನಾಮೆ ಕೊಡುವವರೆಗೂ ಸರ್ಕಾರಿ ಅಧಿಕಾರಿಗಳೇ. ಊರೂರು ತಿರುಗಾಟ, ಕಡತ, ಕಂದಾಯ, ವ್ಯಾಜ್ಯ. ಆದರೆ ಅವರ ಮೊದಲ ಕಥಾಸಂಗ್ರಹ ಬಂದದ್ದು ೧೯೨೦ರಲ್ಲಿ, 'ಸುಬ್ಬಣ್ಣ' ಬಂದದ್ದು ೧೯೨೮ರಲ್ಲಿ; ಎರಡೂ ಅಧಿಕಾರದಲ್ಲಿದ್ದಾಗಲೇ. ಆಫೀಸಿನ ಟಪ್ಪಾಲಿನ ಪಕ್ಕದಲ್ಲೇ ನಮ್ಮ ಸಣ್ಣಕಥೆ ಬೆಳೆಯಿತು ಎಂದರೆ ತಪ್ಪಾಗದು. ಡಿ.ವಿ.ಜಿ.ಯವರು ಪತ್ರಿಕೆಗಾಗಿ ದುಡಿದವರು, ಎಂದೂ ಅನುಕೂಲಸ್ಥರಾಗಿರಲಿಲ್ಲ. ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಅಲ್ಲಿ ವಾರವಾರವೂ ಅಧ್ಯಯನಗೋಷ್ಠಿ ನಡೆಸಿದರು. ಅಲ್ಲಿ ಹೇಳಿದ ಗೀತೆಯ ಪಾಠವೇ ಪುಸ್ತಕವಾಗಿ ೧೯೬೭ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ೧೯೭೦ರಲ್ಲಿ ಜನ ಸನ್ಮಾನಿಸಿ ತೊಂಬತ್ತು ಸಾವಿರ ರೂಪಾಯಿ ಅರ್ಪಿಸಿದಾಗ ಅದಷ್ಟನ್ನೂ ಆ ಸಂಸ್ಥೆಗೇ ಕೊಟ್ಟರು. ಬಿಡುವು ಮಾಡಿಕೊಳ್ಳಬಲ್ಲವರಿಗೆ ಬಿಡುವುದೂ ಗೊತ್ತಿರುತ್ತದೆ.

ಅರವತ್ತಕ್ಕೆ ನಿವೃತ್ತರಾದ ಹಲವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂವತ್ತು ವರ್ಷ ಹಾಡು ಕೇಳದ ಕಿವಿಗೆ ಅರವತ್ತೊಂದನೆಯ ವರ್ಷದ ಮೊದಲನೆಯ ತಾರೀಖಿನಂದು ಹಾಡು ರುಚಿಸುವುದಿಲ್ಲ. ರುಚಿಯೆಂಬುದು ಪಿಂಚಣಿಯಂತೆ ತಾನಾಗಿ ಜಮೆಯಾಗುವುದಿಲ್ಲ. ಅವರು ಪಾರ್ಕಿನ ಬೆಂಚಿನ ಮೇಲೆ ಕೂತು ಷೇರಿನ ದರ, ರಕ್ತದ ಸಕ್ಕರೆ, ಅಮೆರಿಕದ ವೀಸಾ ಇವನ್ನೇ ಮಾತನಾಡುತ್ತಾರೆ. ಪುರುಸೊತ್ತು ಧಾರಾಳವಾಗಿದೆ, ಬಿಡುವು ಮಾತ್ರ ಇಲ್ಲ.

ಮೂರನೆಯದಾಗಿ, ನಾವೂ ಸಂಸ್ಕೃತಿವಂತರೇ ಎನ್ನುವವರಿದ್ದಾರೆ. ಅವರಲ್ಲಿ ಎರಡು ಬಗೆ. ಮೊದಲನೆಯವರು ಉಪಯೋಗವಾದಿಗಳು. ಧ್ಯಾನ ಮಾಡಿದರೆ ರಕ್ತದೊತ್ತಡ ಇಳಿಯುತ್ತದೆ, ಗೀತೆ ಓದಿದರೆ ಆಡಳಿತ ಕೌಶಲ ಬರುತ್ತದೆ, ಸಂಗೀತ ಕಲಿತರೆ ಮಗು ಗಣಿತದಲ್ಲಿ ಮುಂದಾಗುತ್ತದೆ. ಇರಬಹುದು. ಆದರೆ ಹೆಚ್ಚು ದುಡಿಯುವುದಕ್ಕಾಗಿ ಧ್ಯಾನ ಮಾಡುವವನು ಧ್ಯಾನವನ್ನೂ ದುಡಿಮೆಯ ಖಾತೆಗೇ ಬರೆದ ಹಾಗಾಯಿತು. ಯಂತ್ರಕ್ಕೆ ಎಣ್ಣೆ ಬಿಟ್ಟಂತೆ. ಅವನು ಏನನ್ನೂ ಬಿಟ್ಟಿಲ್ಲ. ಎರಡನೆಯವರು ಉತ್ಸವವಾದಿಗಳು. ನವೆಂಬರಿನಲ್ಲಿ ಕೊರಳಿಗೆ ಶಾಲು, ಕೆಂಪು ಹಳದಿ ಬಾವುಟ, ಧ್ವನಿವರ್ಧಕ. ಡಿಸೆಂಬರಿಗೆ ಎಲ್ಲ ಮಡಿಸಿಟ್ಟಾಯಿತು. ಶಿವಮೊಗ್ಗದ ಹತ್ತಿರ ತುಂಗೆಯ ದಂಡೆಯ ಹೊಸಹಳ್ಳಿಯಲ್ಲಿ ಬಾಳುದ್ದಕ್ಕೂ ಗಮಕವನ್ನು ಉಳಿಸಿದ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ವಾಟ್ಸ್‌ಆ್ಯಪ್ಪಿನಲ್ಲಿ ಕೈಮುಗಿದ ಚಿತ್ರಗಳನ್ನು ಹಂಚಿದೆವು. ನಮ್ಮ ಅಧ್ಯಾಪಕರ ಗುಂಪಿನಲ್ಲಿ ಅಂದು ನೂರಾರು ಅಭಿನಂದನೆ. ಆ ರಾತ್ರಿ ಪುಸ್ತಕ ತೆಗೆದು ಒಂದು ಪದ್ಯವನ್ನು ಗಟ್ಟಿಯಾಗಿ ಓದಿದವರು ಎಷ್ಟು ಮಂದಿ? ನಾನು ಓದಲಿಲ್ಲ.

ಈಗ ನನ್ನ ಒಪ್ಪಿಗೆಯ ಮಾತಿಗೆ ಬರುತ್ತೇನೆ.

ನನ್ನ ತಂದೆ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಹಗಲೆಲ್ಲ ಮೂಟೆ, ತೂಕ, ದರ, ಬಾಕಿ. ಸಂಜೆ ಏಳಕ್ಕೆ ಮನೆಗೆ ಬಂದು ಕೈಕಾಲು ತೊಳೆದು, ಎಂಟು ಗಂಟೆಗೆ ನಡುಮನೆಯಲ್ಲಿ ಚಾಪೆ ಹಾಸಿ, ವ್ಯಾಸಪೀಠದ ಮೇಲೆ ಕುಮಾರವ್ಯಾಸನನ್ನು ಬಿಚ್ಚುತ್ತಿದ್ದರು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ, ಸರ್ಕಾರ ಅಗ್ಗದ ಬೆಲೆಗೆ ಹಂಚಿದ ಪ್ರತಿ ಅದು. ಹೊಲಿಗೆ ಬಿಟ್ಟು, ಮೈದಾ ಅಂಟು ಹಚ್ಚಿ, ಕೊಬ್ಬರಿ ಚೀಲದ ಬಟ್ಟೆಯಲ್ಲಿ ರಟ್ಟು ಕಟ್ಟಿದ್ದು. ಎದುರು ಮನೆಯ ಟೈಲರು, ಪಕ್ಕದ ಮನೆಯ ಮೇಷ್ಟ್ರು, ಮಂಡಿಯ ಹಮಾಲಿಗಳಲ್ಲಿ ಇಬ್ಬರು ಬಂದು ಕೂರುತ್ತಿದ್ದರು. ಒಂಬತ್ತಕ್ಕೆ ಮಂಗಳ, ಆಮೇಲೆ ಊಟ. ಸಂಜೆಯ ಹೊತ್ತು ಇನ್ನೆರಡು ಅಂಗಡಿಗಳ ಲೆಕ್ಕ ಬರೆದುಕೊಟ್ಟರೆ ಸಂಬಳದ ಅರ್ಧದಷ್ಟು ಮತ್ತೆ ಸಿಗುತ್ತಿತ್ತು, ಕೇಳಿಕೊಂಡೂ ಬಂದಿದ್ದರು. ಅಪ್ಪ ಒಪ್ಪಲಿಲ್ಲ. ನಾನು ಕನ್ನಡ ಎಂ.ಎ. ಮಾಡಿದ್ದು ಆ ಚಾಪೆಯ ಮೇಲೆ ಹಿಡಿದ ಹುಚ್ಚಿನಿಂದ.

ಆದರೆ ಈ ಚಿತ್ರದಲ್ಲಿ ನಾನು ಬಹುಕಾಲ ಗಮನಿಸದೆ ಬಿಟ್ಟದ್ದೊಂದಿತ್ತು. ಎಂಟರಿಂದ ಒಂಬತ್ತು ಅಮ್ಮನಿಗೆ ಅಡುಗೆಯ ಹೊತ್ತು. ನಡುಮನೆಗೂ ಅಡುಗೆಮನೆಗೂ ನಡುವೆ ಒಂದು ಗೋಡೆ. ಅಪ್ಪ ತೀರಿಕೊಂಡು, ಅಮ್ಮ ಬೆಂಗಳೂರಿಗೆ ನಮ್ಮ ಜೊತೆ ಬಂದ ಮೇಲೆ ಒಂದು ದಿನ ಹೇಳಿದರು: "ನಿಮ್ಮಪ್ಪ ಅಷ್ಟು ವರ್ಷ ಓದಿದ್ರು. ನಾನು ಒಂದ್ಸಲನೂ ಕೂತ್ಕೊಂಡು ಕೇಳ್ಲಿಲ್ಲ ಕಣೋ. ಕರ್ಣ ಸಾಯೋದನ್ನೂ ಮುದ್ದೆ ತಿರುವ್ತಾನೇ ಕೇಳಿದ್ದು. ನಿಂಗೆ ಯಾವಾಗಾದ್ರೂ ಬಿಡುವಾದ್ರೆ ಒಂದಿನ ಕೂರಿಸ್ಕೊಂಡು ಓದು."

ಅಪ್ಪನ ಬಿಡುವನ್ನು ಹೊಗಳುತ್ತ ಬಂದ ನನಗೆ ಆ ಬಿಡುವಿನ ಬೆಲೆಯನ್ನು ಒಲೆಯ ಮುಂದೆ ನಿಂತವರು ಕೊಟ್ಟಿದ್ದರೆಂಬುದು ಅಂದು ತಿಳಿಯಿತು. ಆ ೨೦೨೪ರ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ: ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರಿಗೆ ಅದರಲ್ಲಿ ದಿನಕ್ಕೆ ೨೮೯ ನಿಮಿಷ ಹೋಗುತ್ತದೆ, ತೊಡಗುವ ಗಂಡಸರಿಗೆ ೮೮ ನಿಮಿಷ. ಅದನ್ನು ಓದಿದಾಗ ನನಗೆ ಕಂಡದ್ದು ಆ ಗೋಡೆ. ಗೃಹಸ್ಥನ ಸಂಸ್ಕೃತಿಯನ್ನು ಕೊಂಡಾಡುವ ನಮ್ಮ ಬರಹಗಳಲ್ಲಿ ಗೃಹಿಣಿಯ ಹೊತ್ತಿನ ಲೆಕ್ಕ ಬರುವುದೇ ಇಲ್ಲ.

ತಿಳಿದು ನಾನೇನು ಮಾಡಿದೆ? "ಈ ವ್ಯಾಲ್ಯುಯೇಷನ್ ಮುಗೀಲಿ ಅಮ್ಮ" ಎಂದೆ. ಅದು ಮುಗಿದ ಮೇಲೆ ಪ್ರಕಾಶಕರೊಬ್ಬರಿಗೆ ಪದವಿ ವಿದ್ಯಾರ್ಥಿಗಳ ಗೈಡು ಬರೆಯುವುದಿತ್ತು. ಆಮೇಲೆ ಸ್ಪರ್ಧಾ ಪರೀಕ್ಷೆಯ ತರಬೇತಿ ಕೇಂದ್ರದಲ್ಲಿ ಸಂಜೆಯ ಪಾಠ. ಊರ ಹೊರಗೆ ಮೂವತ್ತು–ನಲವತ್ತರ ಸೈಟೊಂದಕ್ಕೆ ಕಂತು ಕಟ್ಟುತ್ತಿದ್ದೆ. ಇರಲು ಮನೆಯಿತ್ತು, ಆದರೂ 'ಮುಂದಕ್ಕೆ ಇರಲಿ' ಎಂದು. ಹೀಗೆ ಆರು ವರ್ಷ. ಕುಮಾರವ್ಯಾಸನನ್ನು ಐದು ಅಂಕದ ಪ್ರಶ್ನೆಗಳಾಗಿ ಕತ್ತರಿಸಿ ಮಾರಿ ಆ ಸೈಟಿನ ಕಂತು ಕಟ್ಟಿದೆ. ಅವನನ್ನು ಅಮ್ಮನಿಗೆ ಓದಿ ಹೇಳಲು ಮಾತ್ರ ನನಗೆ ಬಿಡುವಾಗಲಿಲ್ಲ.

೨೦೨೦ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕಾಲೇಜು ಮುಚ್ಚಿತು, ತರಬೇತಿ ಕೇಂದ್ರ ಮುಚ್ಚಿತು. ಹಸಿದು ಊರಿಗೆ ನಡೆದುಹೋದವರ ಕಷ್ಟ ಬೇರೆ; ಸಂಬಳ ನಿಲ್ಲದ ನನ್ನಂಥವರಿಗೆ ಮಾತ್ರ ಜನ್ಮದಲ್ಲಿ ಕಾಣದ ಪುರುಸೊತ್ತು ರಾಶಿಯಾಗಿ ಮನೆಯ ಬಾಗಿಲಿಗೇ ಬಂದು ಬಿತ್ತು. ಅಮ್ಮ ಹತ್ತಡಿ ದೂರದ ಕೋಣೆಯಲ್ಲಿದ್ದರು. ಕಿವಿ ಮಂದವಾಗತೊಡಗಿದ್ದರೂ ಗಟ್ಟಿಯಾಗಿ ಹೇಳಿದರೆ ಕೇಳುತ್ತಿತ್ತು. ನಾನು ಪಾಠಗಳ ವೀಡಿಯೊ ಮಾಡಿದೆ, ಸುದ್ದಿ ನೋಡಿದೆ, ಸತ್ತವರ ಸಂಖ್ಯೆಯನ್ನು ಗಂಟೆಗೊಮ್ಮೆ ನೋಡಿದೆ, ಹಳೆಯ ಸಿನಿಮಾ ನೋಡಿದೆ. ಓದಲಿಲ್ಲ. ಪುರುಸೊತ್ತು ಸಿಕ್ಕಿದರೆ ಬಿಡುವು ತಾನಾಗಿ ಬರುವುದಿಲ್ಲ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

೨೦೨೨ರ ಹೊತ್ತಿಗೆ ಅಮ್ಮನ ಕಿವಿ ಪೂರ್ತಿ ಹೋಯಿತು. ಕಿವಿಗೆ ಯಂತ್ರ ಹಾಕಿಸಿದೆವು. ಸದ್ದು ಕೇಳುತ್ತದಂತೆ, ಮಾತು ತಿಳಿಯುವುದಿಲ್ಲವಂತೆ. ಸೈಟಿನ ಕಂತು ಈಗ ಮುಗಿದಿದೆ. ಅದರ ತುಂಬ ಪಾರ್ಥೇನಿಯಂ ಬೆಳೆದಿದೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಿಗೆ ತಂದ. ಲಕ್ಕಮ್ಮ ಅದನ್ನು ಮುಟ್ಟಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಇದನ್ನು ನಾನು 'ಅಪರಿಗ್ರಹ' ಎಂಬ ತಲೆಬರಹದ ಕೆಳಗೆ ಬರೆಸುತ್ತಿದ್ದೆ. ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದು ಅಕ್ಕಿಯನ್ನಷ್ಟೇ ಅಲ್ಲ, ಆ ಹೆಚ್ಚಿನ ಅಕ್ಕಿಯ ಹಿಂದೆ ಹೋಗಬಹುದಾಗಿದ್ದ ಹೊತ್ತನ್ನು ಗಂಡನಿಗೆ ಉಳಿಸಿಕೊಟ್ಟಳು ಎಂದು ಈಗ ತೋರುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಆ ಹೆಚ್ಚಿನ ಅಕ್ಕಿಯಿದೆ. ಒಬ್ಬರಿಗೆ ಎರಡನೆಯ ಸೈಟ್. ಒಬ್ಬರಿಗೆ ಮಗನನ್ನು ಮೂರು ಟ್ಯೂಷನ್ನಿಗೆ ಓಡಿಸುವ ಸಂಜೆ. ಒಬ್ಬರಿಗೆ ಬಡ್ತಿಗಾಗಿ ಸಾಹೇಬರ ಮನೆಯ ಸುತ್ತು. ಎಲ್ಲರಿಗೂ ಸಮಾನವಾಗಿ ಆ ಬೆಳಗುವ ಗಾಜು. ಬದುಕಿಗೆ ಬೇಕಾದದ್ದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಲಕ್ಕಮ್ಮನೂ ಅಂದಿನ ಊಟಕ್ಕೆ ಬೇಕಾದ ಅಕ್ಕಿಯನ್ನು ಸುರಿಯಲು ಹೇಳಲಿಲ್ಲ. ಆ ದಿನದ ಅಳತೆಗೆ ಮೀರಿದ್ದನ್ನು ಮಾತ್ರ. ಅಳತೆ ಯಾವುದೆಂಬುದು ನಮಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲವೆಂದು ನಟಿಸುವುದಕ್ಕೇ 'ಬಿಡುವಿಲ್ಲ' ಎನ್ನುತ್ತೇವೆ.

ಈ ಯುಗಾದಿಯಿಂದ ನಾನು ಸಂಜೆಯ ತರಬೇತಿಯ ಪಾಠ ಬಿಟ್ಟೆ. ತಿಂಗಳ ವರಮಾನ ಕಡಿಮೆಯಾಗಿದೆ. ಅದನ್ನು ಮುಚ್ಚಿಡುವುದಿಲ್ಲ, ಮನೆಯಲ್ಲಿ ಎರಡು ಸಲ ಮಾತೂ ಆಯಿತು. ಎಂಟು ಗಂಟೆಯೊಳಗೆ ಊಟ ಮುಗಿಸುತ್ತೇವೆ. ಪಾತ್ರೆ ತೊಳೆಯುವುದು ನನ್ನ ಪಾಲು. ಅಡುಗೆಮನೆಯ ದೀಪ ಆರಿಸಿದ ಮೇಲೆಯೇ ಓದು ಎಂಬುದು ನನ್ನ ಹೆಂಡತಿ ಹಾಕಿದ ನಿಯಮ. ಒಂಬತ್ತನೆಯ ತರಗತಿಯ ಮಗಳು ಓದುತ್ತಾಳೆ. ಪದಗಳನ್ನು ಎಲ್ಲೆಲ್ಲೋ ಮುರಿಯುತ್ತಾಳೆ. ಅಮ್ಮ ಪಕ್ಕದಲ್ಲಿ ಕೂತಿರುತ್ತಾರೆ. ನಾಲ್ಕನೆಯ ಕ್ಲಾಸಿನವರೆಗೆ ಓದಿದವರು. ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ, ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಗೋಡೆಯಾಚೆಯಿಂದ ಕೇಳಿದ್ದು ಅಷ್ಟೂ ನೆನಪಿದೆಯೆಂದು ಕಾಣುತ್ತದೆ. ಎಷ್ಟೋ ಸಲ ಅವರ ಬೆರಳು ಮೊಮ್ಮಗಳ ಬಾಯಿಗಿಂತ ಮುಂದೆ ಇರುತ್ತದೆ. ಅವಳು ತಪ್ಪಿದ್ದು ತುಟಿಯ ಚಲನೆಯಿಂದಲೇ ಹೇಗೋ ತಿಳಿದು, ಅವಳ ಮಂಡಿಯ ಮೇಲೆ ತಟ್ಟುತ್ತಾರೆ. ಕರ್ಣಪರ್ವವನ್ನೇ ಮೊದಲು ಓದೋಣವೆಂದು ನಾನು ಚೀಟಿಯಲ್ಲಿ ಬರೆದು ತೋರಿಸಿದೆ. "ಮೊದಲಿಂದ ಓದು" ಎಂದರು. ಈಗ ಸಭಾಪರ್ವದಲ್ಲಿದ್ದೇವೆ. ಕರ್ಣಪರ್ವ ತಲುಪಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಮ್ಮನಿಗೆ ಎಪ್ಪತ್ತಾರು.

ಇದನ್ನು ಆದರ್ಶವೆಂದು ಹೇಳುತ್ತಿಲ್ಲ. ಹತ್ತು ವರ್ಷ ತಡವಾದ ಕೆಲಸಕ್ಕೆ ಆದರ್ಶವೆಂಬ ಹೆಸರು ಸಲ್ಲದು. ನಿಮ್ಮ ಮನೆಯಲ್ಲಿ ಓದಬೇಕಾದದ್ದು ಕುಮಾರವ್ಯಾಸನೇ ಆಗಬೇಕಾಗಿಲ್ಲ. ಅದು ಕುರಾನಿರಬಹುದು, ಬೈಬಲ್ಲಿರಬಹುದು, ವಚನವಿರಬಹುದು, ಬೇಂದ್ರೆಯಿರಬಹುದು. ಹಾಡಿರಬಹುದು, ಏನೂ ಇಲ್ಲದ ಸುಮ್ಮನಿರುವಿಕೆಯೂ ಇರಬಹುದು. ಪುರವಣಿಯನ್ನು ಮಡಿಸಿಡುವ ಮುನ್ನ ಒಂದೇ ಪ್ರಶ್ನೆಯನ್ನು ನಿಮ್ಮನ್ನು ನೀವು ಕೇಳಿಕೊಳ್ಳಬೇಕೆಂದು ನನ್ನ ಬೇಡಿಕೆ. 'ನನಗೆ ಯಾವಾಗ ಬಿಡುವಾಗುತ್ತದೆ' ಎಂದಲ್ಲ. 'ನಾನು ಏನನ್ನು ಬಿಡುತ್ತೇನೆ' ಎಂದು.

ಮಲ್ಲೇಶ್ವರದಲ್ಲಿ ಸಿಕ್ಕ ಗೆಳೆಯನಿಗೆ ನಿನ್ನೆ ಒಂದು ಕಾಗದ ಬರೆದು ಹಾಕಿದ್ದೇನೆ. ಫೋನಿಗೆ ಕಳಿಸಿದರೆ ಉಳಿದ ನೂರರ ಜೊತೆ ಅದೂ ಹೋಗುತ್ತದೆಂದು. "ರಿಟೈರ್ ಆಗುವ ತನಕ ಕಾಯಬೇಡ. ಶನಿವಾರ ರಾತ್ರಿ ಎಂಟೂವರೆಗೆ ಮನೆಗೆ ಬಾ. ನನ್ನ ಮಗಳು ಪದ್ಯವನ್ನು ಕೆಡಿಸಿ ಓದುತ್ತಾಳೆ, ತಿದ್ದಲು ನನ್ನ ನಾಲಗೆ ಸಾಲದು. ಬರುವಾಗ ಆ ಫೋನನ್ನು ಮನೆಯಲ್ಲೇ ಬಿಟ್ಟು ಬಾ."